ಕಟಕಟೆಯಲ್ಲಿ ‘ಗೊತ್ತಿಲ್ಲ’ ಅನ್ನಬಹುದೇ?

ಮನೆ ಮನೆ ಸುತ್ತಿ ಮಕ್ಕಳ ಕಷ್ಟ ಕೇಳುವುದೆಂದರೆ ನಮ್ಮ ಮಕ್ಕಳ ರಕ್ಷಣಾ ಕಚೇರಿಯ ಹೊಸ ಕಾರ್ಯಕರ್ತೆಗೆ ನೀರು ಕುಡಿದಷ್ಟು ಸುಲಭ. ಕೋರ್ಟು ಅಂದರೆ ಮಾತ್ರ ಎಲ್ಲಿಲ್ಲದ ಭಯ. ನಾಳೆ ಅವಳೇ ಸಾಕ್ಷಿ ಹೇಳಬೇಕು. ನಾಲ್ಕು ವರ್ಷದ ಪುಟ್ಟಿ ಈಗಿರುವ ಹಾಗೆ ಅಜ್ಜಿಯ ಹತ್ತಿರ ಇರಬೇಕೋ, ಅಪ್ಪನ ಮನೆಗೆ ಮರಳಬೇಕೋ ಎಂದು ನ್ಯಾಯಾಧೀಶರು ತೀರ್ಮಾನಿಸುತ್ತಾರೆ.

“ಅಕ್ಕಾ, ಪುಟ್ಟಿ ಅಪ್ಪ ದಿನಾ ಕುಡೀತಾನೆ, ಮಗೂನ ಹೊಡೀತಾನೆ ಅಂತ ಹೇಳ್ಬಿಡ್ಲಾ?” ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದ ಹಿರಿಯ ಕಾರ್ಯಕರ್ತೆಯನ್ನು ಕೇಳಿದಳು.

“ಹೊಡೆದಿದ್ದು ನೀನು ನೋಡಿದ್ಯಾ?”

“ಇಲ್ಲ. ಪಕ್ಕದ ಮನೆಯವರು ಅಂದ್ರು.”

“ಹಾಗಾದ್ರೆ ಅದನ್ನ ಅವರೇ ಬಂದು ಹೇಳ್ಲಿ. ನೀನು ನೋಡಿದ್ದಷ್ಟೇ ಹೇಳು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನು.”

“ಅಯ್ಯೋ! ಗೊತ್ತಿಲ್ಲ ಅಂದ್ರೆ ಇಷ್ಟು ದಿನ ಓಡಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಗಲ್ವಾ?”

“ಆ ಮನೆಗೆ ಹೋಗಿ ಬಂದು ನೀನು ಬರೆದ ವರದಿ ಇನ್ನೊಂದ್ಸಲ ಓದ್ಕೋ. ವಕೀಲರು ನಿನ್ನನ್ನೇನೂ ತಿನ್ನಲ್ಲ ಕಣೆ.”

ಅವಳಿಗೆ ತಲೆಬುಡ ತಿಳಿಯಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಮಗು ಕೈತಪ್ಪುತ್ತದೋ? ಒಂದಿಷ್ಟು ಸೇರಿಸಿದರೆ ಉಳಿಯುತ್ತದೋ? ಪಾಪ, ಮರುದಿನ ಅದೇ ಗೊಂದಲದಲ್ಲಿ ಕಟಕಟೆ ಹತ್ತಿದಳು.

ಅಪ್ಪನ ಪರ ವಕೀಲರು ಎದ್ದರು. “ಇವರು ಮಗುವನ್ನ ಹೊಡೆದಿದ್ದು ನೋಡಿದ್ದೀರಾ?”

‘ಹೌದು’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹಿಂದಿನ ಬೆಂಚಿನಲ್ಲಿ ಅಜ್ಜಿ ಇವಳನ್ನೇ ನೋಡುತ್ತಿದ್ದರು. ಆದರೂ “ಇಲ್ಲ ಸರ್” ಅಂದಳು.

“ದಿನಾ ಕುಡೀತಾರಾ?”

“ಗೊತ್ತಿಲ್ಲ ಸರ್.”

“ಮತ್ತೆ ನಿಮಗೆ ಗೊತ್ತಿರೋದಾದ್ರೂ ಏನು?” ವಕೀಲರು ಕೊಂಕು ನುಡಿದರು.

ಅವಳು ನ್ಯಾಯಾಧೀಶರ ಕಡೆ ತಿರುಗಿ ನಿಧಾನವಾಗಿ ಹೇಳಿದಳು: “ನಾನು ಇವರ ಮನೆಗೆ ಹೋದ ದಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಒಳಗೆ ಒಲೆ ಉರೀತಿತ್ತು. ಪುಟ್ಟಿ ಒಬ್ಬಳೇ ಇದ್ದಳು. ಚಿಲಕ ತೆಗೆದ ಕೂಡಲೇ ನನ್ನ ಕಾಲು ತಬ್ಬಿಕೊಂಡಳು. ಕತ್ತಲಾಗೋವರೆಗೂ ಕಾದೆ. ಅಪ್ಪ ಬರ್ಲಿಲ್ಲ.”

ನ್ಯಾಯಾಧೀಶರು ಅವಳ ಮಾತನ್ನು ಬರೆಸಿಕೊಂಡರು. ಮಗು ಅಜ್ಜಿಯ ಹತ್ತಿರವೇ ಇರಲಿ ಎಂದು ಆದೇಶವಾಯಿತು.

ಹೊರಗೆ ಬಂದರೂ ಅವಳ ಗೊಂದಲ ಕಳೆದಿರಲಿಲ್ಲ. ಜೊತೆಗೆ ಬಂದಿದ್ದ ಹಿರಿಯ ಕಾರ್ಯಕರ್ತೆಯನ್ನು ಕೇಳಿದಳು: “ಅಕ್ಕಾ, ನೋಡಿಲ್ಲ, ಗೊತ್ತಿಲ್ಲ ಅಂತಾನೇ ಅಂದೆ. ಆದ್ರೂ ನನ್ನ ಮಾತು ನಂಬಿದ್ರಲ್ಲ?”

“ಅದಕ್ಕೇ ಕಣೆ ನಂಬಿದ್ದು.”

ಮಕ್ಕಳಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ವರದಿಯನ್ನು ಓದಿಕೊಂಡು ಹೋಗಿ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ, ಅದರಲ್ಲಿ ನಾಚಿಕೆಯೇನಿಲ್ಲ. ಮರುಕದಿಂದಲೂ ಒಂದು ಮಾತು ಹೆಚ್ಚಿಗೆ ಹೇಳಬೇಡಿ. ನಿಮ್ಮ ಒಂದು ಸುಳ್ಳು ಸಿಕ್ಕಿಬಿದ್ದರೆ, ಆ ಮಗು ಪಟ್ಟ ನಿಜವಾದ ಪಾಡನ್ನೂ ಯಾರೂ ನಂಬುವುದಿಲ್ಲ.