ಅಮ್ಮನ ಅರಿಶಿನ, ಅಣ್ಣನ ಹುಣ್ಣು

ಸೋಫಾ ರಿಪೇರಿ ಮಾಡುವ ಅಣ್ಣನ ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣಾಗಿತ್ತು. ತಿಂಗಳಾದರೂ ಮಾಯಲಿಲ್ಲ. ಕೆಲಸ ಮಾಡುವಾಗ ಸಣ್ಣ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು ಅವನ ಅಭ್ಯಾಸ. “ಮೊಳೆ ತಾಗಿದೆ ಅಷ್ಟೇ” ಎನ್ನುತ್ತಿದ್ದ. ಅವನು ಜಗಿಯುವ ಹೊಗೆಸೊಪ್ಪಿನ ಮಾತೆತ್ತಿದರೆ ಮಾತ್ರ ಕಿವಿ ಕೇಳದವನಂತೆ ಸುತ್ತಿಗೆ ಬಡಿಯುತ್ತಿದ್ದ.

ಭಾನುವಾರ ತಂಗಿ ಬಂದಳು. ಗಿಡಮೂಲಿಕೆಗಳ ಸಾರವನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಣ್ಣ ಬಟ್ಟಲಲ್ಲಿ ಅರಿಶಿನ, ಜೇನುತುಪ್ಪ ಕಲಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಚಿಕ್ಕಂದಿನಲ್ಲಿ ಅಮ್ಮ ಇಬ್ಬರನ್ನೂ ಕಿಟಕಿಯ ಕೆಳಗೆ ಕೂರಿಸಿ, ಗಲ್ಲ ಹಿಡಿದೆತ್ತಿ, ಇದನ್ನೇ ಬಾಯಿಹುಣ್ಣಿಗೆ ಸವರುತ್ತಿದ್ದಳು. ಮುಖ ಕಿವುಚಿದವರಿಗೆ ಇನ್ನೊಂದು ಬೆರಳಷ್ಟು ಹೆಚ್ಚು!

“ಅಮ್ಮನ ಕೈ ಆಗಿದ್ರೆ ಇಷ್ಟೊತ್ತಿಗೆ ವಾಸಿಯಾಗಿರೋದು” ಎಂದ ಅಣ್ಣ. “ನಿಮ್ಮ ಲ್ಯಾಬಲ್ಲೂ ಇದನ್ನೇ ಅಲ್ವಾ ಅರೆಯೋದು? ಬಾಯಿ ಕ್ಯಾನ್ಸರಿಗೂ ಆಗುತ್ತಂತೆ.”

“ಆಗಬಹುದೇನೋ ಅಂತ ಹುಡುಕ್ತಿದ್ದೀವಿ ಅಣ್ಣ. ಅರಿಶಿನದಿಂದ ತೆಗೆದ ಅಂಶವನ್ನ ಗಾಜಿನ ತಟ್ಟೇಲಿರೋ ಕ್ಯಾನ್ಸರ್ ಕೋಶಗಳಿಗೆ ಹಾಕಿದ್ರೆ ಅವು ಬೆಳೆಯೋದು ಕಮ್ಮಿಯಾಗುತ್ತೆ. ನಮಗೂ ಆಸೆ ಇದೆ. ಆದ್ರೆ ತಟ್ಟೆ ಬೇರೆ, ಮನುಷ್ಯನ ಬಾಯಿ ಬೇರೆ. ಎಷ್ಟು ಕೊಡಬೇಕು, ಕೊಟ್ರೆ ಕೆಲಸ ಮಾಡುತ್ತಾ, ಇನ್ನೂ ಗೊತ್ತಿಲ್ಲ.”

“ಹಾಗಾದ್ರೆ ನನ್ನ ಬಾಯಲ್ಲೇ ನೋಡ್ಬಿಡೋಣ!”

“ತಮಾಷೆ ಸಾಕು. ನಾಲಿಗೆ ತೋರ್ಸು.” ನೋಡಿದವಳ ಮುಖ ಸಪ್ಪಗಾಯಿತು. “ಒಂದ್ಸಲ ನನ್ನ ಹುಣ್ಣು ಮಾಯದೇ ಇದ್ದಾಗ ಅಮ್ಮ ಏನು ಮಾಡಿದ್ಲು, ನೆನಪಿದ್ಯಾ?”

ಅಣ್ಣನಿಗೆ ನೆನಪಿತ್ತು. ಅಂದು ಅಮ್ಮ ಬಟ್ಟಲನ್ನು ಪಕ್ಕಕ್ಕಿಟ್ಟು, ತಂಗಿಯನ್ನು ಸೊಂಟದ ಮೇಲೆ ಎತ್ತಿಕೊಂಡು, ಇವನ ಕೈ ಹಿಡಿದೆಳೆಯುತ್ತ ಆಸ್ಪತ್ರೆಗೆ ಓಡಿದ್ದಳು. ದಾರಿಯಲ್ಲಿ ಒಂದು ಚಪ್ಪಲಿ ಕಳಚಿ ಬಿದ್ದರೂ ತಿರುಗಿ ನೋಡಿರಲಿಲ್ಲ.

“ನಾಳೆ ನೀನೂ ಬರ್ತೀಯಾ?” ಎಂದ ಮೆಲ್ಲಗೆ.

“ಬರದೆ ಇರ್ತೀನಾ?”

ವೈದ್ಯರು ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದು ಕ್ಯಾನ್ಸರೇ ಆಗಿತ್ತು. ಆದರೆ ಇನ್ನೂ ಆರಂಭದ ಹಂತ. ಶಸ್ತ್ರಚಿಕಿತ್ಸೆಯಾಯಿತು. ಈಗ ಅವನ ಮಾತು ಕೊಂಚ ತೊದಲುತ್ತದೆ. ಹೊಗೆಸೊಪ್ಪು ಬಿಟ್ಟಿದ್ದಾನೆ. ಅಂಗಡಿಗೆ ಬಂದವರು ಬಾಯಿಹುಣ್ಣು ಎಂದರೆ ಸಾಕು, “ಮೊದಲು ಡಾಕ್ಟರಿಗೆ ತೋರ್ಸಿ, ಸೋಫಾ ಎಲ್ಲೂ ಓಡಿಹೋಗಲ್ಲ” ಎನ್ನುತ್ತಾನೆ.

ನಿಮ್ಮ ಬಾಯಲ್ಲೂ ಎರಡು ವಾರವಾದರೂ ಮಾಯದ ಹುಣ್ಣೋ ಗಂಟೋ, ಬಿಳಿ ಇಲ್ಲವೇ ಕೆಂಪು ಮಚ್ಚೆಯೋ ಇದೆಯೇ? ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ತಂಬಾಕು ಬಿಡಿ. ಗಿಡಗಳಿಂದ ಮುಂದೊಂದು ದಿನ ಔಷಧಿ ಬರಬಹುದು, ಬರಲಿ. ನೀವು ಮಾತ್ರ ಅಲ್ಲಿಯವರೆಗೆ ಕಾಯಬೇಡಿ. ಇವತ್ತೇ ಹೋಗಿ ವೈದ್ಯರಿಗೆ ತೋರಿಸಿ.