ನೇರಳೆ ಮರಕ್ಕೆ ಕೊಟ್ಟ ಮಾತು

ಮರದ ಸುತ್ತಿಗೆಯಿಂದ ಕಾಂಡಕ್ಕೆ ಮೂರು ಸಲ ಬಡಿದು ಕಿವಿಯಿಟ್ಟು ಕೇಳುವುದು ನಮ್ಮ ಕಸುಬಿನ ಮೊದಲ ಪಾಠ. ಒಳಗೆ ಗಟ್ಟಿಯಿದ್ದರೆ ಸದ್ದು ಅಲ್ಲೇ ನಿಲ್ಲುತ್ತದೆ. ಟೊಳ್ಳಾಗಿದ್ದರೆ ಖಾಲಿ ಕೊಡಕ್ಕೆ ಬಡಿದ ಹಾಗೆ ಒಳಗೆಲ್ಲ ಸುತ್ತಾಡಿ ಬರುತ್ತದೆ. ಊರಿನವರ ಅಂಗಳ ಹಿತ್ತಿಲುಗಳಲ್ಲಿ ದೊಡ್ಡ ಮರಗಳನ್ನು ಹೀಗೆ ಬಡಿದು ನೋಡಿ, ಒಣಕೊಂಬೆ ಸವರಿ, ಗಾಯಕ್ಕೆ ಮದ್ದು ಹಚ್ಚಿ ನಲವತ್ತು ವರ್ಷ ಬದುಕಿದವನು ನಾನು. ನನ್ನ ಕಿವಿಯ ಬಗ್ಗೆ ನನಗೆ ಬಹಳ ಜಂಬವಿತ್ತು. ನಾಡಿ ಹಿಡಿದ ಪಂಡಿತರ ಹಾಗೆ ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ನೋಡುವವರನ್ನು ಸ್ವಲ್ಪ ಕಾಯಿಸಿಯೇ ತೀರ್ಪು ಹೇಳುತ್ತಿದ್ದೆ.

ಕಮಲಾಕ್ಷಿಯವರ ಮನೆಗೆ ನನ್ನನ್ನು ಕರೆದದ್ದು ಅವರ ಗಂಡ ಜಯದೇವ. ಆತ ಗಡಿಯಾರ ರಿಪೇರಿ ಮಾಡುವವರು, ಎಲ್ಲದಕ್ಕೂ ಹೆದರುವ ಮನುಷ್ಯ. ಆಕೆ ಅಂಗಳದ ಹಳೆಯ ನೇರಳೆ ಮರದ ಕೆಳಗೆ ಹೊಲಿಗೆ ಮೆಷಿನ್ನು ಇಟ್ಟುಕೊಂಡು ಊರಿನ ಅರ್ಧ ಹೆಂಗಸರ ರವಿಕೆ ಹೊಲಿಯುತ್ತಿದ್ದರು. ಹಣ್ಣಿನ ಕಾಲದಲ್ಲಿ ಬಟ್ಟೆಗೆ ಕಲೆಯಾಗದಂತೆ ಮೇಲೆ ಹಳೆಯ ದುಪ್ಪಟಿ ಕಟ್ಟುತ್ತಿದ್ದರಂತೆ. ಮರ ಯಾವತ್ತಾದರೂ ಹೆಂಡತಿಯ ತಲೆಯ ಮೇಲೆ ಬೀಳುತ್ತದೆಂಬ ಭಯ ಗಂಡನಿಗೆ. ಅದನ್ನು ಕಡಿದರೆ ತಾನು ಹೊಲಿಗೆಯನ್ನೇ ಬಿಡುತ್ತೇನೆಂಬ ಹಟ ಹೆಂಡತಿಗೆ. ಮದುವೆಯಾದಾಗಿನಿಂದ ಆತ ಒಂದು ದಿನವೂ ಆ ನೆರಳಲ್ಲಿ ಕೂತಿರಲಿಲ್ಲ.

"ನೀವು ಹೇಳಿದ್ದೇ ಕೊನೆ," ಎಂದರು ಜಯದೇವ. "ಉಳಿಸಿ ಅಂದ್ರೆ ನಾನೂ ಇಲ್ಲೇ ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ."

ಸುತ್ತಲೂ ಬಡಿದೆ. ಎಲ್ಲೆಡೆ ಸದ್ದು ಅಲ್ಲೇ ನಿಂತಿತು. ಒಂದು ಪಕ್ಕದಲ್ಲಿ ತೊಗಟೆ ಎರಡು ಕಡೆಯಿಂದ ಬೆಳೆದು ಕೂಡಿಕೊಂಡ ಉದ್ದನೆಯ ಗೆರೆಯಿತ್ತು. ಅಲ್ಲಿ ಇನ್ನೂ ಗಟ್ಟಿಯಾಗಿ ಕೇಳಿಸಿತು. ಇಷ್ಟು ಚೆನ್ನಾಗಿ ಗಾಯ ಮಾಯಿಸಿಕೊಂಡ ಮರ ನೂರಕ್ಕೊಂದು ಸಿಕ್ಕೀತು ಎಂದು ಹೊಗಳಿದೆ. ಹೊರಡುವಾಗ ಜಯದೇವರ ಬೆನ್ನು ತಟ್ಟಿ, "ನಿಮಗಿಂತ ಹೆಚ್ಚು ದಿನ ಇದೇ ಬಾಳುತ್ತೆ, ಬಿಡಿ," ಎಂದು ತಮಾಷೆ ಮಾಡಿದೆ. ಮೂವರೂ ನಕ್ಕೆವು.

ಎಂಟು ತಿಂಗಳ ನಂತರ, ಗಾಳಿಯೇ ಇಲ್ಲದ ಒಂದು ಮಧ್ಯಾಹ್ನ, ಕಮಲಾಕ್ಷಿ ನೂಲಿನ ಉಂಡೆ ತರಲು ಒಳಗೆ ಹೋಗಿದ್ದಾಗ ಮರ ಬಿತ್ತು. ಜಯದೇವ ಕುರ್ಚಿಯಲ್ಲಿದ್ದರು.

ನಾನು ಹೋಗುವಷ್ಟರಲ್ಲಿ ಅವರನ್ನು ಆಸ್ಪತ್ರೆಗೆ ಒಯ್ದಾಗಿತ್ತು; ದಾರಿಯಲ್ಲೇ ಜೀವ ಹೋಯಿತಂತೆ. ಅಂಗಳದಲ್ಲಿ ಮರ ಮಗುಚಿಕೊಂಡಿತ್ತು, ಅದು ಮುರಿದ ಜಾಗದಲ್ಲಿ ಸೊಂಟದೆತ್ತರದ ಸಿಮೆಂಟಿನ ಕಂಬ ನೆಟ್ಟಗೆ ನಿಂತಿತ್ತು. ಸುತ್ತಲಿನ ಮರ ಕಾಫಿ ಚರಟದ ಹಾಗೆ ಕೊಳೆತು ಉದುರಿತ್ತು. ನಾನು ಬಡಿದು ಕೇಳಿದ್ದು ಮರವನ್ನಲ್ಲ, ಆ ಸಿಮೆಂಟನ್ನು.

ಹಿಂದೆ ಪೊಟರೆಗಳಿಗೆ ಸಿಮೆಂಟು ತುಂಬುವುದೇ ದೊಡ್ಡ ವಿದ್ಯೆಯಾಗಿತ್ತು. ತುಂಬಿದ ಮೇಲೆ ಹಸಿ ಸಿಮೆಂಟಿಗೆ ಬಲಗೈ ಒತ್ತಬೇಕು, ಇನ್ನು ನೀನು ಬೀಳುವುದಿಲ್ಲ ಎಂದು ಮರಕ್ಕೆ ಮಾತು ಕೊಟ್ಟ ಹಾಗೆ ಎಂದು ನನ್ನ ಗುರು ಕಲಿಸಿದ್ದರು. ಒಳಗೆ ನೀರು ನಿಂತು ಮರ ಕೊಳೆಯುತ್ತದೆಂದು ಆಮೇಲೆ ಗೊತ್ತಾಗಿ ಆ ಕೆಲಸ ಬಿಟ್ಟೆ. ಆದರೆ ಅದಾಗಲೇ ತುಂಬಿದ್ದ ಮರಗಳನ್ನು ಹುಡುಕಿಕೊಂಡು ಒಂದು ದಿನವೂ ಹೋಗಲಿಲ್ಲ. ಮನೆಗಳು ಕೈ ಬದಲಾದವು, ಗೇಟುಗಳು ದಿಕ್ಕು ಬದಲಿಸಿದವು, ನಾನು ಮರೆತೆ.

ಕಂಬದ ಮೇಲೆ ಒಂದು ಅಂಗೈ ಮೂಡಿತ್ತು. ಅದರ ಉಂಗುರದ ಬೆರಳು ಅರ್ಧವೇ ಇತ್ತು. ನನ್ನ ಬಲಗೈಯ ಉಂಗುರದ ಬೆರಳಿನ ಅರ್ಧ, ಕೆಲಸಕ್ಕೆ ಸೇರಿದ ಎರಡನೇ ವರ್ಷವೇ ಗರಗಸಕ್ಕೆ ಹೋಗಿತ್ತು. ಪಕ್ಕದಲ್ಲಿದ್ದ ಗೋಣಿಚೀಲ ಎಳೆದು ಅದರ ಮೇಲೆ ಹೊದಿಸಿದೆ.

ತಿಥಿ ಮುಗಿದ ಮೇಲೆ ಮರ ತೆರವು ಮಾಡಲು ಹೋದಾಗ, ಒಳಗೆ ಸಿಮೆಂಟು ತುಂಬಿದ್ದು ಯಾರೆಂದು ಗೊತ್ತಾಗುತ್ತದೆಯೇ ಎಂದು ಕಮಲಾಕ್ಷಿ ಕೇಳಿದರು. ಯಾರೋ ಹಳಬರಿರಬೇಕು ಎಂದೆ. ಕಂಬವನ್ನೂ ಒಡೆದು ಸಾಗಿಸುತ್ತೇನೆಂದು ಅವಸರ ಮಾಡಿದೆ. ಬೇಡ, ಇರಲಿ ಎಂದರು.

ಆಮೇಲೆ ನನಗೆ ಕೆಲಸ ಮಾಡಲಾಗಲಿಲ್ಲ. ಯಾವ ಮರಕ್ಕೆ ಮೂರು ಸಲ ಬಡಿದರೂ ನಾಲ್ಕನೆಯ ಬಡಿತ ಕೇಳಿಸುತ್ತಿತ್ತು, ಒಳಗಿನಿಂದ ಯಾರೋ ತಿರುಗಿ ಬಡಿದ ಹಾಗೆ. ನನಗೆ ನಿಜವಾಗಿ ಹೆದರಿಕೆಯಾಗುತ್ತಿತ್ತು. ಸುತ್ತಿಗೆಯನ್ನು ಅಟ್ಟಕ್ಕೆ ಹಾಕಿದೆ.

ವರ್ಷ ಕಳೆದು ಕಮಲಾಕ್ಷಿ ಹೇಳಿಕಳಿಸಿದರು. ಹೋದಾಗ ಅಂಗಳದಲ್ಲಿ ಬರೀ ಬಿಸಿಲು. ಹೊಲಿಗೆ ಮೆಷಿನ್ನು ಮೊದಲಿನ ಜಾಗದಲ್ಲೇ, ಕಂಬದ ಪಕ್ಕ ಇತ್ತು. ಗೋಣಿಚೀಲ ಇರಲಿಲ್ಲ. ಕಾಫಿ ತಂದು ಮುಂದೆ ಹಿಡಿದರು. ನಾನು ಬಲಗೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಎಡಗೈ ನೀಡಿದೆ.

"ಬಲಗೈಯಲ್ಲಿ ತಗೊಳ್ಳಿ," ಎಂದರು.

ತೆಗೆದುಕೊಂಡೆ. ಲೋಟ ಹಿಡಿದ ಬೆರಳುಗಳನ್ನು ಅವರು ಒಂದೊಂದಾಗಿ ನೋಡಿದರು. ಅಳತೆ ತೆಗೆಯುವುದು ಅವರ ಕಸುಬು. ನಾನು ಕುಡಿದು ಲೋಟ ಕೆಳಗಿಟ್ಟೆ.

"ನಂಗೆ ಮರ ಬೇಕಿತ್ತು, ಅದಕ್ಕೆ ಕೂರ್ತಿದ್ದೆ. ಅವರು ಬರೀ ನಿಮ್ಮ ಮಾತು ನಂಬಿ ಕೂತ್ರು," ಎಂದರು. "ಆ ಕೈ ಅಲ್ಲಿಟ್ಟು ತೋರಿಸಿ."

ಕಂಬದ ಹತ್ತಿರ ಹೋಗಿ ಅಂಗೈ ಇಟ್ಟೆ. ಸಿಮೆಂಟು ಬಿಸಿಲಿಗೆ ಬೆಚ್ಚಗಿತ್ತು. ಅರ್ಧ ಬೆರಳು ಅರ್ಧ ಗುಳಿಯಲ್ಲಿ ಸರಿಯಾಗಿ ಕೂತಿತು. ಒಳಗಿನಿಂದ ಯಾರೋ ಬಡಿಯುತ್ತಿದ್ದರು. ಅದು ನನ್ನದೇ ನಾಡಿ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬೆನ್ನ ಹಿಂದೆ ಮೆಷಿನ್ನು ಸದ್ದು ಮಾಡೀತೆಂದು ಕಾದೆ. ಅದು ನಿಂತೇ ಇತ್ತು.