ಕೆಂಪು ಸುತ್ತು

ಸಂಜೆ ತರಗತಿಯ ಇಂಗ್ಲಿಷ್ ಮೇಷ್ಟ್ರಿಗೆ ತಪ್ಪು ಹುಡುಕುವುದೆಂದರೆ ಹೊಟ್ಟೆ ತುಂಬಿದಷ್ಟು ಸಂತೋಷ. ಬೆಳಗಿನ ಪತ್ರಿಕೆಯನ್ನೂ ಕೆಂಪು ಪೆನ್ನು ಹಿಡಿದೇ ಓದುವ ಆಸಾಮಿ. ಸಾಲಿನ ನಡುವೆ ಕಾರಣವಿಲ್ಲದೆ ತಲೆ ಎತ್ತಿದ ಕ್ಯಾಪಿಟಲ್ ಅಕ್ಷರ, ಹೇಳದೆ ಕೇಳದೆ ಕಾಣೆಯಾದ ಕಾಮಾ, ಫುಲ್‌ಸ್ಟಾಪಿನ ಹಂಗಿಲ್ಲದೆ ಓಡುವ ವಾಕ್ಯ, ಯಾವುದೂ ಅವರ ಕಣ್ಣು ತಪ್ಪಿಸಿದ್ದಿಲ್ಲ. ಕಂಡಲ್ಲೆಲ್ಲ ದುಂಡನೆಯ ಒಂದು ಕೆಂಪು ಸುತ್ತು ಬೀಳುತ್ತಿತ್ತು.

ಹಿಂದಿನ ಬೆಂಚಿನ ಟೈಲರಮ್ಮನಿಗೆ ಅರವತ್ತರ ಹತ್ತಿರ. ಅವರು ಇಂಗ್ಲಿಷಿಗೆ ಕೈ ಹಾಕಿದ್ದು ಸೊಸೆಗೋಸ್ಕರ. ಸೊಸೆ ಬೇರೆ ಭಾಷೆಯವಳು, ಇಂಗ್ಲಿಷ್ ಬಲ್ಲವಳು. ಅವಳಿಗೆ ಬರುವ ಕನ್ನಡ ನಾಲ್ಕು ಮಾತು, ಇವರಿಗೆ ಅವಳ ಭಾಷೆ ಒಂದಕ್ಷರವೂ ಇಲ್ಲ. ನಡುವೆ ನಿಂತು ಹೇಳಬೇಕಾದ ಮಗ ಹಡಗಿನ ಕೆಲಸದವನು, ವರ್ಷದಲ್ಲಿ ಆರು ತಿಂಗಳು ನೀರಿನ ಮೇಲೆ. ತಿಂಗಳ ಹಿಂದೆ ಸೊಸೆ ಇಸ್ತ್ರಿ ಮಾಡುವಾಗ ಗಿರಾಕಿಯ ಕೋಟು ಸುಟ್ಟಿತು. ಟೈಲರಮ್ಮ ರೇಗಿ, ಅಂಗಡಿ ತುಂಬ ಜನರಿರುವಾಗಲೇ ‘ಗೆಟ್ ಔಟ್’ ಅಂದುಬಿಟ್ಟರು. ಆ ಎರಡು ಪದ ಕಲಿಯಲು ಯಾರಿಗೂ ಮೇಷ್ಟ್ರು ಬೇಕಿಲ್ಲ. ಸೊಸೆ ಆವತ್ತೇ ತವರಿಗೆ ಹೋದಳು. ಅತ್ತೆಯ ಫೋನ್ ಎತ್ತುವುದನ್ನೂ ಬಿಟ್ಟಳು.

ಹಾಗಾಗಿ ಟೈಲರಮ್ಮ ಅವಳಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು ಮೇಷ್ಟ್ರಿಗೆ ತೋರಿಸಿದ್ದರು. ಮೇಷ್ಟ್ರು ಸುತ್ತು ಹಾಕಿ ಕೊಟ್ಟಿದ್ದರು. ಕಾಗದ ಅಂಚೆಗೂ ಬಿದ್ದಿತ್ತು.

ಒಂದು ವಾರದ ಮೇಲೆ ಟೈಲರಮ್ಮ ತರಗತಿಗೆ ಎಲ್ಲರಿಗಿಂತ ಮೊದಲು ಬಂದು, ಫೋನಿಗೆ ಸೊಸೆ ಕಳಿಸಿದ್ದ ಸಂದೇಶವನ್ನು ಮೇಷ್ಟ್ರ ಮುಂದೆ ಹಿಡಿದರು.

“ನಾನು ಓದಿದ್ದು ಸರೀನಾ ನೋಡಿ ಮೇಷ್ಟ್ರೇ. ಶನಿವಾರ ಅವಳ ಅಣ್ಣ ಬಂದು ಅವಳ ಬಟ್ಟೆಯೆಲ್ಲ ತಗೊಂಡು ಹೋಗ್ತಾನಂತೆ. ಹೌದಾ?”

“ಹೌದು,” ಎಂದರು ಮೇಷ್ಟ್ರು. “ಅಂಥದ್ದೇನು ಬರೆದಿದ್ರಿ ನೀವು?”

ಟೈಲರಮ್ಮ ಪುಸ್ತಕ ತೆರೆದರು. ಎಡಪುಟದಲ್ಲಿ ಮೊದಲ ಬರಹ, ಬಲಪುಟದಲ್ಲಿ ಅಂಚೆಗೆ ಹೋದದ್ದರ ನಕಲು. ನಕಲಿನಲ್ಲಿ ಮೂರೇ ಸಾಲು: ಕೋಟು ರಿಪೇರಿ ಆಯಿತು. ಗಿರಾಕಿ ತಗೊಂಡು ಹೋದರು. ನಿನ್ನ ಬಟ್ಟೆ ಇಲ್ಲೇ ಇದೆ.

“ಉಳಿದದ್ದೆಲ್ಲ ಎಲ್ಲಿ?”

“ನೀವೇ ಸುತ್ತು ಹಾಕಿದ್ರಲ್ಲ! ಬಟ್ಟೆ ಮೇಲೆ ಕತ್ತಿನ ಹತ್ರ ದುಂಡಗೆ ಗೀಟು ಎಳೆದ್ರೆ ಅಷ್ಟನ್ನೂ ಕತ್ತರಿಸಿ ತೆಗೀತೀವಿ. ನಲವತ್ತು ವರ್ಷದಿಂದ ಅದೇ ಕೈ. ಅತ್ತೆಯಾದವಳು ಹಂಗೆಲ್ಲ ಬರೀಬಾರ್ದೇನೋ, ತಿಳಿದವರು ಹೇಳಿದಾರೆ ಅಂದ್ಕೊಂಡೆ.”

ಮೇಷ್ಟ್ರು ಎಡಪುಟವನ್ನು ಹತ್ತಿರಕ್ಕೆಳೆದುಕೊಂಡರು. ಸುತ್ತಿನೊಳಗೆ ಇದ್ದದ್ದು ತಪ್ಪಾಯ್ತು ಎಂಬ ಮಾತು, ಮಗಳೇ ಎಂಬ ಮಾತು, ದಯವಿಟ್ಟು ಮನೆಗೆ ಬಾ ಎಂಬ ಮಾತು. ಮನಸ್ಸಿನಲ್ಲಿ ದೊಡ್ಡದಾಗಿದ್ದ ಪದಕ್ಕೆಲ್ಲ ಆ ತಾಯಿ ದೊಡ್ಡಕ್ಷರ ಹಾಕಿದ್ದರು. ಮೇಷ್ಟ್ರು ಅವತ್ತು ಅಕ್ಷರ ನೋಡಿದ್ದರು, ಕಾಗದ ಓದಿರಲಿಲ್ಲ. ಅವರಿಗೆ ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು.

“ಇದು ನನ್ನ ತಪ್ಪಮ್ಮ,” ಎಂದರು. “ನಂಬರ್ ಹೇಳಿ. ನನ್ನ ಫೋನಾದ್ರೆ ಎತ್ತಬಹುದು.”

“ಫೋನಲ್ಲಿ ನಂಗೆ ಮಾತು ಹೊರಡಲ್ಲ.”

“ಮಾತಾಡಬೇಡಿ. ಇದನ್ನ ಓದಿ. ಒಂದು ಪದಾನೂ ಬಿಡಬೇಡಿ.”

ಆ ಕಡೆಯಿಂದ ಹಲೋ ಬಂತು. ಟೈಲರಮ್ಮ ಬೆರಳಿಟ್ಟುಕೊಂಡು ಓದತೊಡಗಿದರು. ಕಾಮಾ ಇಲ್ಲದ ಕಡೆ ಉಸಿರು ಸಾಲದೆ ತಾವಾಗಿ ನಿಂತರು. ಮಗಳೇ ಎಂಬ ಪದವನ್ನು ಎರಡು ಸಲ ಓದಿದರು. ಕೊನೆಯ ಸಾಲು ಮುಗಿಯಿತು. ಕಟ್ ಮಾಡಿದಳೇನೋ ಎಂದು ಟೈಲರಮ್ಮ ಮೇಷ್ಟ್ರ ಮುಖ ನೋಡಿದರು.

ಆಮೇಲೆ ಸೊಸೆ ತನಗೆ ಬರುವ ನಾಲ್ಕು ಮಾತಿನಲ್ಲೇ ಹುಡುಕಿ ತಡಕಿ ಕೇಳಿದಳು: “ಅತ್ತೆ... ಊಟ ಆಯ್ತಾ?”

“ಇಲ್ಲ ಕಣೇ,” ಎಂದು ಟೈಲರಮ್ಮ ಕನ್ನಡದಲ್ಲೇ ಅತ್ತುಬಿಟ್ಟರು. “ನೀನು ಹೋದಾಗಿಂದ ಸರಿಯಾಗಿ ಆಗೇ ಇಲ್ಲ.”